ಬೇಡುವ ಕೈ

ಮಗ್ಗದ ಊರಿನಲ್ಲಿ ಸದ್ದಿಗೆ ಯಾರೂ ಎಚ್ಚರಾಗುವುದಿಲ್ಲ. ಸದ್ದು ನಿಂತರೆ ಎಚ್ಚರಾಗುತ್ತಾರೆ. ಕರೆಂಟು ಹೋಗಿ ಸಾವಿರ ಮಗ್ಗಗಳು ಒಟ್ಟಿಗೇ ಉಸಿರು ಬಿಟ್ಟವೋ, ತೊಟ್ಟಿಲ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಮುದುಕನವರೆಗೆ ಎಲ್ಲರೂ ಕಣ್ಣು ಬಿಟ್ಟು, ಏನೋ ಆಯಿತೆಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅಂಥ ಊರಲ್ಲಿ ಈರಸಂಗಪ್ಪನೆಂಬ ರಿಪೇರಿಯವನು ಒಂದು ಮೌನದ ಪೆಟ್ಟಿಗೆ ಮಾಡಿದ. ಮಾಡಿದ್ದು ಹೆತ್ತವ್ವನ ಸಲುವಾಗಿ. ಅದರಲ್ಲಿ ಪಾಪವೇನೂ ಇರಲಿಲ್ಲ.

ಅವನ ತಾಯಿ ಸಾತವ್ವ ನಲವತ್ತೆರಡು ವರ್ಷ ಪವರ್‌ಲೂಮಿನ ಮುಂದೆ ನಿಂತವಳು. ಕಿವಿ ಪೂರಾ ಹೋಗಿರಲಿಲ್ಲ, ಆದರೆ ತೂತು ಬಿದ್ದ ಜರಡಿಯಂತಾಗಿತ್ತು. ದಪ್ಪ ಮಾತು ನಿಲ್ಲುತ್ತಿತ್ತು, ಸಣ್ಣ ಮಾತು ಸೋರಿಹೋಗುತ್ತಿತ್ತು. ಊರವರು ಇದಕ್ಕೆ 'ಮಗ್ಗದ ಕಿವಿ' ಅನ್ನುತ್ತಾರೆ. ಕೂದಲು ನರೆತಷ್ಟೇ ಸಹಜವೆಂದು ನಕ್ಕು ಬಿಡುತ್ತಾರೆ. ಮಗ್ಗದ ಮುಂದೆ ಕೂಗಿದರೂ ಕೇಳಿಸದಾದ್ದರಿಂದ ಅಲ್ಲಿಯವರಿಗೆ ಕೈಮಾತೇ ಮಾತು. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ. ಮುಷ್ಟಿ ಬಾಯಿಗೆ ತಂದರೆ ಚಹಾ ಬಂತು. ಅಂಗೈಯನ್ನು ಕಿವಿಯ ಬಳಿ ಎರಡು ಸಲ ಬೀಸಿದರೆ, ಕೇಳಲಿಲ್ಲ, ಇನ್ನೊಮ್ಮೆ ಹೇಳು. ಸಾತವ್ವ ದಿನಕ್ಕೆ ನೂರು ಸಲ ಹಾಗೆ ಬೀಸುತ್ತಿದ್ದಳು. ಮನೆಯವರೂ ಅದನ್ನೇ ಕಲಿತಿದ್ದರು.

"ಈರ್ಯಾ, ಸಾಯೂದ್ರಾಗ ಒಂದ ಪ್ರವಚನ ಮೊದಲಿಂದ ಕಡೀತನಕ ಕೇಳಬೇಕೋ ಯಪ್ಪಾ. ಮಠದಾಗ ಕುಂತ್ರ ಸ್ವಾಮಿ ಅಪ್ಪಾವರ ತುಟಿ ಅಷ್ಟ ಕಾಣತಾವ. ಎಲ್ಲಾರೂ ನಕ್ಕಾಗ ನಾನೂ ನಗತೀನಿ, ಅತ್ತಾಗ ನಾನೂ ಕಣ್ಣೊರಸ್ಕೋತೀನಿ. ಎದಕ್ಕಂತ ಆ ಶಿವಗ ಗೊತ್ತು," ಎಂದಳು ಒಂದು ದಿನ.

ಈ ಮಾತು ಮಗನ ಎದೆಗೆ ನಾಟಿತು. ಗೋಡೆಗೆ ದೊಡ್ಡ ಪರದೆ ಹಾಕಿ, ಸಿನಿಮಾ, ಪ್ರವಚನ, ಭಜನೆ ಎಲ್ಲವನ್ನೂ ತುಂಬಿಟ್ಟುಕೊಳ್ಳುವ ಒಂದು ಪುಟ್ಟ ಕಂಪ್ಯೂಟರನ್ನು ತಾನೇ ಕಟ್ಟಲು ಕುಳಿತ. ಗಾತ್ರ ರೊಟ್ಟಿ ಡಬ್ಬಿಯನ್ನು ಮೀರಬಾರದು, ಉಸಿರಿನಷ್ಟೂ ಸದ್ದು ಮಾಡಬಾರದು ಎಂದು ತನಗೆ ತಾನೇ ಕಟ್ಟು ಹಾಕಿಕೊಂಡ. ಫ್ಯಾನು ಇಟ್ಟರೆ ಆ ಊರಿನ ನೂಲಿನ ಧೂಳು ತಿಂಗಳೊಪ್ಪತ್ತಿನಲ್ಲಿ ಅದರ ರೆಕ್ಕೆಗೆ ಹತ್ತಿಯ ಅಂಗಿ ತೊಡಿಸುತ್ತದೆ. ಆದ್ದರಿಂದ ಫ್ಯಾನೇ ಬೇಡವೆಂದ. ಕಡಿಮೆ ಬಿಸಿಯಾಗುವ ಪ್ರೊಸೆಸರು ಹುಡುಕಿದ. ಅದರ ಕಾವು ತಾಮ್ರದ ಕೊಳವೆಗಳಲ್ಲಿ ಹರಿದು ಪೆಟ್ಟಿಗೆಯ ಅಲ್ಯುಮಿನಿಯಂ ಮೈಗೇ ಸೇರುವಂತೆ ಮಾಡಿದ. ತಿರುಗುವ ಹಾರ್ಡ್ ಡಿಸ್ಕು ಬಿಟ್ಟು ಚಿಪ್ಪಿನಲ್ಲೇ ನೆನಪು ಇಟ್ಟ. ಕೆಲಸ ಮುಗಿದ ದಿನ ಪೆಟ್ಟಿಗೆಗೆ ಕಿವಿ ಹಚ್ಚಿದ. ಒಳಗೆ ಏನೂ ಇಲ್ಲ. ಹೊರಗೆ ಮಾತ್ರ ಊರಿಗೆ ಊರೇ ಖಟಖಟ ಅನ್ನುತ್ತಿತ್ತು. ಪೆಟ್ಟಿಗೆ ಮೌನವಾದರೇನು ಬಂತು, ಪಕ್ಕದ ಗೋಡೆಯಾಚೆ ಎಂಟು ಮಗ್ಗ ಓಡುತ್ತಿದ್ದವು.

ಆಗ ನೆನಪಾದವನು ಧಾರವಾಡದ ವಿಜಯೇಂದ್ರ ಉಪಾಧ್ಯೆ. ಡಿಪ್ಲೊಮಾ ಓದುವಾಗ ಒಂದೇ ಖೋಲಿಯಲ್ಲಿದ್ದವನು, ಈಗ ಒಂದು ಪ್ರಯೋಗಾಲಯದಲ್ಲಿ ಶಬ್ದದ ಮೇಲೆ ಕೆಲಸ ಮಾಡುತ್ತಿದ್ದ. ಅಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಒಂದು ಹಾಳೆ ತಯಾರಾಗಿತ್ತು. ಅದೇ ಕಿವಿ, ಅದೇ ಬಾಯಿ. ಬಂದ ಸದ್ದನ್ನು ಕೇಳಿ ಅದೇ ಕ್ಷಣಕ್ಕೆ ಅದರ ಎದುರಲೆಯನ್ನು ಹೊರಡಿಸುತ್ತಿತ್ತು. ಇಬ್ಬರು ಜಟ್ಟಿಗಳು ಬಾಗಿಲನ್ನು ಆಚೀಚೆಯಿಂದ ಸಮಬಲದಲ್ಲಿ ದೂಡಿದರೆ ಬಾಗಿಲು ಅಲುಗುವುದಿಲ್ಲವಲ್ಲ, ಹಾಗೆ ಅಲೆಗೆ ಎದುರಲೆ ಸಿಕ್ಕು ಗಾಳಿ ಅಲುಗದೆ ನಿಲ್ಲುತ್ತಿತ್ತು. ಯಾವ ಸದ್ದು ಬೇಕು, ಯಾವುದು ಬೇಡ ಎಂಬುದನ್ನು ಮನೆಯವರೇ ಕಲಿಸಬೇಕು.

"ಇನ್ನೂ ಪರೀಕ್ಷೆಯೊಳಗ ಐತಿ. ಒಂದ್ ಮನ್ಯಾಗ ಹಾಕಿ ನೋಡಬೇಕಾಗಿತ್ತು, ನೀನಽ ಸಿಕ್ಕಿ," ಎಂದು ವಿಜಯೇಂದ್ರ ಒಂದು ಸುರುಳಿ ಕೊಟ್ಟು ಕಳಿಸಿದ.

ಈರಸಂಗಪ್ಪ ಪಡಸಾಲೆಯ ಗೋಡೆಗಳಿಗೂ ಮಲಗುವ ಖೋಲಿಗೂ ಹಾಳೆ ಅಂಟಿಸಿ ಪೆಟ್ಟಿಗೆಗೆ ಜೋಡಿಸಿದ. ಸಾತವ್ವನ ಕಣ್ಣಿಗೆ ರಿಮೋಟಿನ ಗುಂಡಿಗಳು ಕಾಣವು. ಹೀಗಾಗಿ ಪೆಟ್ಟಿಗೆಗೆ ಹುರುಳಿಕಾಳಿನಷ್ಟು ಕ್ಯಾಮೆರಾ ಕೂಡಿಸಿ, ಕೈಸನ್ನೆಯಿಂದಲೇ ನಡೆಯುವಂತೆ ಮಾಡಿದ. ಸನ್ನೆಗಳ ಪಟ್ಟಿ ಪ್ರಯೋಗಾಲಯದ್ದೇ, ಸಿದ್ಧವಾಗಿ ಬಂದದ್ದು.

ಮೊದಲ ದಿನ ಅವ್ವನನ್ನು ಕೂರಿಸಿ ಚಾಲೂ ಮಾಡಿದ. ಎಂಟು ಮಗ್ಗಗಳು ಬಾವಿಗೆ ಬಿದ್ದಂತೆ ಮುಳುಗಿಹೋದವು. ಪರದೆಯ ಮೇಲೆ ಸ್ವಾಮಿಗಳು ಕೆಮ್ಮಿ, ಗಂಟಲು ಸರಿಮಾಡಿಕೊಂಡು, "ಶರಣರೇ" ಎಂದರು. ಸಾತವ್ವನ ಕೈ ತಾನಾಗಿ ಮುಗಿಯಿತು. ಒಂದು ತಾಸು ಅವಳು ಅಲುಗಲಿಲ್ಲ. ಮುಗಿದ ಮೇಲೆ, "ಅವರು ಕೆಮ್ಮತಾರಂತ ನನಗ ಇವತ್ತ ಗೊತ್ತಾತು ನೋಡು," ಎಂದು ಅತ್ತಳು.

ಮನೆಯಲ್ಲಿ ಆಗ ಮೂರು ತಿಂಗಳ ಕೂಸು. ಹೆಸರು ಶಾಂಭವಿ. ಪಡಸಾಲೆ ತಣ್ಣಗಿದೆಯೆಂದು ಅದರ ತೊಟ್ಟಿಲನ್ನೂ ಅಲ್ಲೇ ಕಟ್ಟಿದರು. ಕೂಸು ಚೆನ್ನಾಗಿ ನಿದ್ದೆ ಮಾಡಿತು, ದುಂಡಗಾಯಿತು. ಬಂದವರೆಲ್ಲ, "ಏನ್ ಶಾಂತ ಕೂಸ ಬೇ ಇದು! ನಮ್ಮವು ಓಣಿ ಎತ್ತತಾವ," ಎಂದು ದೃಷ್ಟಿ ತೆಗೆದರು.

ಈರಸಂಗಪ್ಪನ ಹೆಂಡತಿ ದಾಕ್ಷಾಯಣಿ ಮಗ್ಗದ ಊರಿನವಳಲ್ಲ. ಜಮಖಂಡಿ ಕಡೆಯ ಹೊಲದ ಮನೆಯವಳು, ಹಕ್ಕಿ ಕೂಗಿದರೆ ಯಾವ ಮರದಲ್ಲೆಂದು ಹೇಳುವವಳು. ಎರಡು ತಿಂಗಳಾದ ಮೇಲೆ ಅವಳಿಗೆ ಏನೋ ಕಸಿವಿಸಿಯಾಗತೊಡಗಿತು. ಪಡಸಾಲೆಗೆ ಕಾಲಿಟ್ಟರೆ ತನ್ನ ಬಳೆಯೇ ಕೇಳುವುದಿಲ್ಲ. ಜೋಗುಳ ಹಾಡಿದರೆ ಗಂಟಲು ಅದುರುತ್ತದೆ, ಹಾಡು ಮಾತ್ರ ಎಲ್ಲೋ ಪಕ್ಕದ ಮನೆಯದು ಎನಿಸುತ್ತದೆ.

"ರೀ, ನನ್ನ ಕಿವಿಗೆ ಏನೋ ಆಗೇತಿ," ಎಂದಳು.

ಈರಸಂಗಪ್ಪ ಕಿವಿಯ ಬಳಿ ಕೈ ಬೀಸಿದ. ಅವಳು ಜೋರಾಗಿ ಮತ್ತೆ ಹೇಳಿದಳು. ಅವನು ನಕ್ಕ. "ನಿನಗೂ ಮಗ್ಗದ ಕಿವಿ ಬಂತು ತಗೋ. ಇನ್ನ ನೀ ಈ ಊರಿನ ಸೊಸಿ ಆದಿ."

ಸಾತವ್ವನೂ ನಕ್ಕಳು. ಕೇಳಿಸದೇ ಇದ್ದರೂ ನಗುವುದು ಅವಳಿಗೆ ರೂಢಿ. ದಾಕ್ಷಾಯಣಿಯೂ ಮೆಲ್ಲಗೆ ಕೈಮಾತು ಕಲಿತಳು. ಕೈ ಇರುವಾಗ ಬಾಯಿ ಯಾಕೆ ಎಂಬಂತೆ ಆ ಮನೆಯ ದಿನಗಳು ಉರುಳಿದವು.

ಹೀಗಿರಲು ಒಂದು ಸೋಮವಾರ ಮಧ್ಯಾಹ್ನ. ಶಾಂಭವಿಗೆ ಎಂಟು ತಿಂಗಳು ತುಂಬಿತ್ತು. ಸಾತವ್ವ, ಈರಸಂಗಪ್ಪ ಇಬ್ಬರೂ ಪರದೆಯ ಕಡೆ ಮುಖ ಮಾಡಿ ಪ್ರವಚನ ನೋಡುತ್ತಿದ್ದರು. ಅವರ ಬೆನ್ನ ಹಿಂದೆ, ನಾಲ್ಕು ಮೊಳ ದೂರದಲ್ಲಿ, ತೊಟ್ಟಿಲು. ಎಲ್ಲವೂ ಶಾಂತ. ಬಾಗಿಲ ಕಡೆ ಏನೋ ಅಲುಗಿದಂತಾಗಿ ಈರಸಂಗಪ್ಪ ಹೊರಳಿ ನೋಡಿದ. ಹಿಟ್ಟಿನ ಕೈಯಲ್ಲಿ ದಾಕ್ಷಾಯಣಿ ಹೊಸ್ತಿಲ ಮೇಲೆ ನಿಂತಿದ್ದಳು. ಬಾಯಿ ಅಗಲಕ್ಕೆ ತೆರೆದಿತ್ತು. ಕೊರಳ ನರಗಳು ಹುರಿಯಂತೆ ಎದ್ದಿದ್ದವು. ಅವಳು ಕಿರುಚುತ್ತಿದ್ದಳು, ಆದರೆ ಕಿರುಚುವವಳ ಚಿತ್ರದಂತೆ ಕಾಣುತ್ತಿದ್ದಳು.

ಅವನು ರೂಢಿಯಂತೆ ಕಿವಿಯ ಬಳಿ ಕೈ ಬೀಸಿದ, ಏನಂದಿ ಎಂದು.

ಅವಳು ಅವನನ್ನು ತಳ್ಳಿ ತೊಟ್ಟಿಲಿಗೆ ಓಡಿದಳು. ಕೂಸಿನ ಬೆರಳು ತೊಟ್ಟಿಲ ಸರಪಳಿಯ ಕೊಂಡಿಯಲ್ಲಿ ಸಿಕ್ಕಿತ್ತು. ಉಗುರು ನೀಲಿಯಾಗಿತ್ತು, ರಕ್ತ ಮೊಣಕೈವರೆಗೆ ಹರಿದು ಒಣಗಿತ್ತು. ಒಣಗಿತ್ತು ಎಂದರೆ ಎಷ್ಟು ಹೊತ್ತಾಗಿರಬೇಕು? ಶಾಂಭವಿಯ ಮುಖವೆಲ್ಲ ಕಣ್ಣೀರು, ಸಿಂಬಳ. ಬಾಯಿ ತೆರೆದಿತ್ತು. ಆದರೆ ಕೂಗಿ ಅಳುವ ಕೂಸಿನ ಹೊಟ್ಟೆ ಜೋರಾಗಿ ಏರಿ ಇಳಿಯಬೇಕಲ್ಲ, ಇದು ಮೆಲ್ಲಗೆ ಉಸಿರಾಡುತ್ತಿತ್ತಷ್ಟೆ. ದಾಕ್ಷಾಯಣಿ ಅದನ್ನು ಎದೆಗವಚಿಕೊಂಡು ಓಣಿಗೆ ಓಡಿಬಂದಳು, ಮಗ್ಗಗಳ ಗದ್ದಲದ ನಡುವೆ ಬಿಸಿಲಲ್ಲಿ ನಿಂತಳು. ಅಲ್ಲಿಯೂ ಕೂಸು ಬಾಯಿ ತೆರೆದೇ ಇತ್ತು, ಅಲ್ಲಿಯೂ ದನಿ ಬರಲಿಲ್ಲ.

ಈರಸಂಗಪ್ಪ ಹಿಂದೆಯೇ ಓಡಿಬಂದ. ಕೂಸು ಕೊನೆಗೆ ಅತ್ತದ್ದನ್ನು ತಾನು ಕೇಳಿದ್ದು ಯಾವಾಗ? ನೆನಪನ್ನು ಎಷ್ಟು ಕೆದಕಿದರೂ ಸಿಗಲಿಲ್ಲ.

ಮರುದಿನ ಧಾರವಾಡದ ಆಸ್ಪತ್ರೆಯಲ್ಲಿ ಕೂಸಿನ ತಲೆಗೆ ತಂತಿಗಳನ್ನು ಅಂಟಿಸಿ, ಗಾಜಿನ ಆಚೆ ಕೂತ ಡಾಕ್ಟರಮ್ಮ ಒಂದೊಂದಾಗಿ ಸದ್ದು ಬಿಟ್ಟರು. ಪರದೆಯ ಮೇಲೆ ಗೆರೆಗಳು ಕುಣಿದವು. ಗಂಡ ಹೆಂಡತಿ ಕುರ್ಚಿಯ ತುದಿಯಲ್ಲಿ ಕೂತು, ಗೆರೆಯ ಭಾಷೆ ಬಾರದಿದ್ದರೂ ಅದನ್ನೇ ನೋಡಿದರು.

"ಕಿವಿ ಛಲೋ ಐತ್ರಿ, ಗಂಟಲಾನೂ ಛಲೋ ಐತಿ," ಎಂದರು ಡಾಕ್ಟರಮ್ಮ.

ದಾಕ್ಷಾಯಣಿ ನಿರಾಳವಾಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಡಾಕ್ಟರಮ್ಮನಿಗೆ ಮಾತ್ರ ಸಮಾಧಾನವಿರಲಿಲ್ಲ.

"ಮನ್ಯಾಗ ಯಾರರ ಮೂಕರು ಅದಾರೇನ್ರಿ?"

"ಇಲ್ರಿ."

"ಮತ್ತ ಈ ಕೂಸು ನಾ ಮಾತಾಡಿದ್ರ ನನ್ನ ಬಾಯಿ ನೋಡೂದಿಲ್ಲ. ಕೈ ನೋಡತೈತಿ." ಅವರು ಪೆನ್ನು ಕೆಳಗಿಟ್ಟರು. "ಕೂಸು ಮೊದಲು ತನ್ನ ದನೀನ ತಾ ಕೇಳತೈತ್ರಿ. ಕೇಳಿ ಖುಷಿಯಾಗಿ ಮತ್ತ ಮಾಡತೈತಿ, ಹಂಗಽ ಮಾತು ಬರೂದು. ಕೂಗಿದ್ದು ತನಗೂ ಕೇಳದ, ಯಾರೂ ಬರದ ಹೋದ್ರ ಕೂಗೂದು ಬಿಟ್ಟ ಬಿಡತೈತಿ. ಇದು ಬಿಟ್ಟೈತಿ. ಎಲ್ಲಿ ಇಟ್ಟಿದ್ರಿ ಇದನ್ನ?"

ದಾಕ್ಷಾಯಣಿ ಗಂಡನ ಕಡೆ ಹೊರಳಿ ನೋಡಿದಳು.

"ದನಿ ತಿರುಗಿ ಬರತೈತೇನ್ರಿ?" ಎಂದು ದಾಕ್ಷಾಯಣಿ ಕೇಳಿದಳು.

"ಹತ್ತು ತಿಂಗಳು ತುಂಬೂದ್ರಾಗ ಬಂದ್ರ ಚಿಂತಿಲ್ಲ. ಆಮ್ಯಾಲ... ನಾ ಸುಳ್ಳ ಭರವಸಾ ಕೊಡೂದಿಲ್ರಿ."

ಆಸ್ಪತ್ರೆಯಿಂದ ಅವನು ಸೀದಾ ವಿಜಯೇಂದ್ರನ ಪ್ರಯೋಗಾಲಯಕ್ಕೆ ಹೋದ. ದಾಕ್ಷಾಯಣಿ ಕೂಸಿನೊಂದಿಗೆ ಹೊರಗೆ ಬೇವಿನ ಕೆಳಗೆ ಕೂತಳು. ಆ ಕಟ್ಟಡದ ಒಳಗೆ ಬರಲಾರೆ ಎಂದಳು.

ಮನೆಯ ಪೆಟ್ಟಿಗೆ ಕಲಿತದ್ದೆಲ್ಲ ಪ್ರಯೋಗಾಲಯಕ್ಕೂ ಹೋಗುತ್ತಿತ್ತು. ಪರೀಕ್ಷೆಯ ಸಲುವಾಗಿ ಮಾಡಿಕೊಂಡ ಏರ್ಪಾಡು ಅದು. ವಿಜಯೇಂದ್ರ ತೆರೆದು ನೋಡಿದ. ಬೇಡವಾದ ಸದ್ದುಗಳ ಪಟ್ಟಿ ಪರದೆಗೆ ಬಂತು. ಮಗ್ಗ. ಕುಕ್ಕರಿನ ಸೀಟಿ. ಬಳೆ. ಹೆಂಗಸಿನ ಹಾಡು. ಹೆಂಗಸಿನ ಮಾತು. ಎಲ್ಲಕ್ಕಿಂತ ಮೇಲೆ, ಮಗ್ಗಕ್ಕಿಂತಲೂ ಮೇಲೆ, ಕೂಸಿನ ದನಿ.

"ಇದಕ್ಕ ಏನೋ ಹುಚ್ಚ ಹಿಡದೈತಿ ವಿಜ್ಯಾ," ಎಂದ ಈರಸಂಗಪ್ಪ.

"ಇಲ್ಲೋ. ತಾನಾಗಿ ಇದು ಏನೂ ಮಾಡೂದಿಲ್ಲ. ನೀವು ಬ್ಯಾಡ ಅಂದದ್ದನ್ನಷ್ಟ ತಗೀತೈತಿ. ಪ್ರತಿ ಸಲ ಬ್ಯಾಡ ಅಂದಾಗೂ ಇನ್ನಷ್ಟು ಬಿಗಿಯಾಗಿ ತಗೀತೈತಿ."

"ಯಾರ್ ಅಂದಾರ? ಹೆತ್ತ ಕೂಸು ಬ್ಯಾಡಂತ ಯಾರಾರ ಅಂತಾರೇನು?"

ವಿಜಯೇಂದ್ರ ಚಿತ್ರಗಳನ್ನು ಪರದೆಗೆ ತಂದ. 'ಬೇಡ' ಎಂದಾಗಲೆಲ್ಲ ಕ್ಯಾಮೆರಾ ಒಂದೊಂದು ಚಿತ್ರ ಹಿಡಿದಿಟ್ಟಿತ್ತು. ಮೊದಲನೆಯದರಲ್ಲಿ ಸಾತವ್ವ ತೊಟ್ಟಿಲಿಗೆ ಬಾಗಿದ್ದಾಳೆ. ಮುಖದ ತುಂಬ ನಗೆ. ಕೂಸು ಬಾಯಿ ತೆರೆದು ಏನೋ ಹೇಳುತ್ತಿದೆ. ಅಜ್ಜಿಯ ಅಂಗೈ ಕಿವಿಯ ಬಳಿ ಇದೆ.

"ಕಿವೀ ಹತ್ರ ಕೈ ಬೀಸಿದ್ರ ಈ ಸದ್ದು ಬ್ಯಾಡ ಅಂತ. ಕಿವ್ಯಾಗ ಗುಂಯ್ ಅನ್ನೂ ಗುಂಗಾಡು ಹೊಡೀತೀವಲ್ಲ, ಹಂಗ," ಎಂದ ವಿಜಯೇಂದ್ರ. "ಪಟ್ಟಿಯೊಳಗ ಬರದಿತ್ತಲ್ಲೋ. ನೀ ಓದಲಿಲ್ಲೇನು?"

ಓದಿದ್ದ. ಓದಿ, ತಲೆಯಾಡಿಸಿ ಮುಂದೆ ಹೋಗಿದ್ದ. ದಿನಕ್ಕೆ ನೂರು ಸಲ ಬೀಸುವ ಕೈಯನ್ನು ಅದೂ ಒಂದು ಸನ್ನೆಯೆಂದು ಯಾರು ಗಮನಿಸುತ್ತಾರೆ?

ಮುಂದಿನ ಚಿತ್ರ. ಅದರ ಮುಂದಿನದು. ಕೂಸು ಕೂಗಿದೆ, ಅಜ್ಜಿ, ಏನಂದಿ ನನ್ನವ್ವಾ, ಇನ್ನೊಮ್ಮೆ ಹೇಳು ಎಂದಿದ್ದಾಳೆ. ದನಿ ಒಂದು ಎಳೆ ಸಣ್ಣಗಾಗಿದೆ. ಸಣ್ಣಗಾದದ್ದಕ್ಕೆ ಅವಳಿಗೆ ಇನ್ನೂ ಕೇಳಿಲ್ಲ. ಕೇಳದ್ದಕ್ಕೆ ಮತ್ತೆ ಬೀಸಿದ್ದಾಳೆ. ನಡುನಡುವೆ ದಾಕ್ಷಾಯಣಿ, ಹೊಸದಾಗಿ ಕಲಿತ ಕೈಯಲ್ಲಿ. ಆಮೇಲೆ ಈರಸಂಗಪ್ಪ, ಈರಸಂಗಪ್ಪ, ಮತ್ತೂ ಈರಸಂಗಪ್ಪ. ಕೊನೆಯ ಚಿತ್ರ ನಿನ್ನೆಯದು. ಹೊಸ್ತಿಲ ಮೇಲೆ ಹೆಂಡತಿ ಕಿರುಚುತ್ತಿದ್ದಾಳೆ, ಇವನು ಕೈ ಬೀಸುತ್ತಿದ್ದಾನೆ. ಅದರ ಮೂಲೆಯಲ್ಲಿ ತೊಟ್ಟಿಲು, ಸರಪಳಿಗೆ ಸಿಕ್ಕ ಪುಟ್ಟ ಕೈ.

ಈರಸಂಗಪ್ಪ ಗೋಡೆ ಹಿಡಿದುಕೊಂಡು ಹೊರಗೆ ಬಂದ.

ಮನೆ ಮುಟ್ಟಿದ ಕೂಡಲೇ ಕಿತ್ತದ್ದು ಪೆಟ್ಟಿಗೆಯ ತಂತಿಯನ್ನು. ಮುಳುಗಿದ್ದ ಮಗ್ಗಗಳೆಲ್ಲ ಒಮ್ಮೆಲೇ ಮೇಲೆದ್ದು ಪಡಸಾಲೆಗೆ ನುಗ್ಗಿದವು. ತಾಯಿಯ ತೋಳಲ್ಲಿದ್ದ ಶಾಂಭವಿ ಬೆಚ್ಚಿಬಿದ್ದಳು. ಕಣ್ಣು ದೊಡ್ಡದಾಯಿತು, ತುಟಿ ಸೊಟ್ಟಗಾಯಿತು, ಬಾಯಿ ತೆರೆಯಿತು. ಮೂವರೂ ಬಾಗಿ ಕಾದರು. ಏನೂ ಬರಲಿಲ್ಲ. ಬಾಯಿ ಮುಚ್ಚಿಕೊಂಡಿತು.

ಗೋಡೆಯ ಹಾಳೆ ಹೆರೆಯುತ್ತ ಈರಸಂಗಪ್ಪ ಅವ್ವನಿಗೆ ಎಲ್ಲವನ್ನೂ ಹೇಳಿದ. ಮುಚ್ಚಿಡಬೇಕೆಂದಿದ್ದ, ಆದರೆ ಅವಳ ಕೈ ಮತ್ತೆ ಕಿವಿಯ ಬಳಿ ಏರಿದಾಗ ತಡೆಯಲಾಗಲಿಲ್ಲ. ಅವಳ ಕಿವಿಗೆ ಬಾಯಿ ಹಚ್ಚಿ ಹೇಳಿದ. ಸಾತವ್ವನ ಕೈ ಗಾಳಿಯಲ್ಲೇ ನಿಂತಿತು. ಅದನ್ನು ತಿರುಗಿಸಿ, ಬೇರೆ ಯಾರದೋ ಕೈ ಎಂಬಂತೆ ನೋಡಿದಳು.

"ಬೇಡಿದ್ದೋ ಯಪ್ಪಾ ನಾನು," ಎಂದಳು. "ಇನ್ನೊಂದ್ ಮಾತು ಆಡು ನನ್ನವ್ವಾ ಅಂತ ಕೈ ಮಾಡಿ ಬೇಡಿದ್ದು. ಬೇಡಿದ್ದು ಬ್ಯಾಡ ಅಂದಂಗ ಆತೇನು?"

ಅವಳು ದೇವರ ಜಗಲಿಯ ಲಿಂಗದ ಮುಂದೆ ಹೋಗಿ ಕೂತಳು. ಕೈ ಮುಗಿಯಲಿಲ್ಲ. ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು, ಬರೀ ಬಾಯಿಂದ, "ಶಿವಾ, ನನ್ನ ಕಿವಿ ಪೂರಾ ತಗೋ. ಕೂಸಿನ ದನಿ ಕೊಡು," ಎಂದಳು. ಅಂದಿನಿಂದ ಆ ಮನೆಯಲ್ಲಿ ಯಾರೂ ಕೈಯಲ್ಲಿ ಮಾತಾಡಲಿಲ್ಲ. ಉಣ್ಣುವಾಗಲೂ ಸಾತವ್ವ ಬಿಡುವಿದ್ದ ಎಡಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡಿರುತ್ತಿದ್ದಳು.

ಒಂದು ವಾರ ಹೋಯಿತು, ಎರಡು ಹೋದವು. ದಾಕ್ಷಾಯಣಿ ಹಾಡಿ ಹಾಡಿ ದನಿ ಒಡೆದುಕೊಂಡಳು. ಸಾತವ್ವ ಕೂಸಿನ ಅಂಗೈಯನ್ನು ತನ್ನ ಗಂಟಲಿಗೆ ಒತ್ತಿಕೊಂಡು, "ಶಿವಾ... ಶಿವಾ..." ಎನ್ನುವಳು. ಕೂಸು ಬೆರಳ ತುದಿಯ ಅದುರನ್ನು ಅಚ್ಚರಿಯಿಂದ ಅನುಭವಿಸುವುದು, ಆಮೇಲೆ ಅವರ ಕೈಗಳನ್ನೇ ನೋಡುವುದು. ಕೈಗಳು ಸುಮ್ಮನಿದ್ದವು. ಹಸಿವಾದಾಗ ಬಾಯಿ ತೆರೆದು ಕಾಯುವುದು, ಗೂಡಿನ ಮರಿಯ ಹಾಗೆ. ಈರಸಂಗಪ್ಪ ಅಂಗಡಿಗೆ ಹೋಗಲಿಲ್ಲ. ತೊಟ್ಟಿಲ ಪಕ್ಕ ಕೂತು, ಮಗಳ ಬಾಯಿ ತೆರೆದಾಗಲೆಲ್ಲ ಕಿವಿಗೊಟ್ಟು ಕಾದ. ಇಷ್ಟು ಕಾದು ಕುಳಿತ ತನ್ನ ಕಿವಿಗೇ ಒಮ್ಮೊಮ್ಮೆ ಹೆದರಿದ. ಬಂದರೂ ನನಗೆ ಕೇಳದಿದ್ದರೆ?

ಒಂಬತ್ತು ತಿಂಗಳು ತುಂಬಿ ಹತ್ತು ದಿನವಾದಾಗ ಅಂಗನವಾಡಿಯಲ್ಲಿ ಗೋಬರದ, ಅಂದರೆ ದಡಾರದ, ಸೂಜಿಯೆಂದು ಕರೆ ಬಂತು. ಮೂವರೂ ಕೂಸನ್ನು ಎತ್ತಿಕೊಂಡು ಹೋದರು. ಚಾಪೆಯ ಮೇಲೆ ಏಳೆಂಟು ತಾಯಂದಿರು. ಸರದಿಯಂತೆ ಒಂದೊಂದು ಕೂಸು ಸೂಜಿ ತಾಗುತ್ತಲೇ ಗಗನ ಹರಿಯುವಂತೆ ಚೀರುತ್ತಿತ್ತು. ಆ ಒಂದೊಂದು ಚೀರಾಟಕ್ಕೂ ದಾಕ್ಷಾಯಣಿಯ ಮುಖ ಹಸಿದವಳ ಮುಖದಂತೆ ತಿರುಗುತ್ತಿತ್ತು.

ಸಿಸ್ಟರು ಶಾಂಭವಿಯ ತೋಳು ಹಿಡಿದರು. "ಗಟ್ಟಿ ಹಿಡೀರಿ. ಸ್ವಲ್ಪ ಅಳತೈತಿ, ಅಂಜಬ್ಯಾಡ್ರಿ."

"ಅಳತೈತೇನ್ರಿ?" ಎಂದ ಈರಸಂಗಪ್ಪ.

ಸಿಸ್ಟರು ಅವನನ್ನು ವಿಚಿತ್ರವಾಗಿ ನೋಡಿ ಸೂಜಿ ಚುಚ್ಚಿದರು.

ಕೂಸಿನ ಕಣ್ಣು ಅಗಲವಾಯಿತು. ಮುಖ ಕೆಂಪಾಯಿತು, ಆಮೇಲೆ ಕಪ್ಪಾಯಿತು. ಬಾಯಿ ತೆರೆಯಿತು, ಒಳಗಿನ ಒಂದೇ ಒಂದು ಹಲ್ಲು ಕಾಣಿಸಿತು. ಉಸಿರಿಲ್ಲ. ದನಿಯಿಲ್ಲ. ಸಾತವ್ವ ಮಗನ ತೋಳಿಗೆ ಉಗುರು ಊರಿದಳು. ಅವನು ಮಗಳ ಬಾಯನ್ನೇ ನೋಡಿದ. ಆ ಪುಟ್ಟ ಕತ್ತಲೆಯಲ್ಲಿ ನಾಲಿಗೆ ನಡುಗುತ್ತಿತ್ತು. ಬರುವುದಿಲ್ಲ, ಇನ್ನು ಬರುವುದಿಲ್ಲ ಎಂದುಕೊಂಡ.

ಆಗ ತುಕ್ಕು ಹಿಡಿದ ಕೀಲು ಅಲುಗಿದಂತೆ ಒಂದು ಎಳೆ ದನಿ ಹೊರಟಿತು. ಅಳು ಅನ್ನಲಾಗದು; ಗೀರಿದ, ಒರಟಾದ, ನೂಲಿನಷ್ಟು ತೆಳುವಾದ ಒಂದು ಸದ್ದು.

ಶಾಂಭವಿ ತಟ್ಟನೆ ನಿಲ್ಲಿಸಿದಳು. ಹೆದರಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಯಾರು ಕೂಗಿದರೆಂದು.

"ಆತು ಆತು, ಸುಮ್ನಾಗು ನನ್ನ ಬಂಗಾರಾ, ಅಳಬ್ಯಾಡ," ಎಂದು ಸಿಸ್ಟರು ಹತ್ತಿಯಿಂದ ಒತ್ತಿದರು.

"ಯವ್ವಾ ತಂಗೀ, ನಿನ್ನ ಕಾಲ ಬೀಳ್ತೀನಿ, ಆ ಮಾತ್ ಅನಬ್ಯಾಡ!" ಎಂದು ಸಾತವ್ವ ಕೂಗಿದ ರಭಸಕ್ಕೆ ಅಂಗನವಾಡಿಯ ಎಲ್ಲ ಕೂಸುಗಳೂ ಬಾಯಿ ಮುಚ್ಚಿದವು.

ದಾಕ್ಷಾಯಣಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ನಿಂದವ್ವಾ ಅದು. ನಿಂದಽ. ಅಂಜಬ್ಯಾಡ, ಯಾರೂ ಇಲ್ಲ, ನೀನಽ."

ಕೂಸು ತಾಯಿಯ ಬಾಯಿ ನೋಡಿತು. ಗದ್ದ ನಡುಗಿತು. ಆ ಸದ್ದು ಮತ್ತೆ ಬಂತು, ಈ ಸಲ ತನ್ನೊಳಗಿನಿಂದಲೇ ಬರುತ್ತಿದೆಯೆಂದು ಅದಕ್ಕೆ ತಿಳಿದಿರಬೇಕು. ತನ್ನ ದನಿಗೆ ತಾನೇ ಬೆದರಿ ಅಳತೊಡಗಿತು. ಬೆದರಿದಷ್ಟೂ ದನಿ ದೊಡ್ಡದಾಯಿತು, ದೊಡ್ಡದಾದಷ್ಟೂ ಬೆದರಿತು. ಯಾರೂ ಅದನ್ನು ಸುಮ್ಮನಾಗಿಸಲು ಹೋಗಲಿಲ್ಲ.